ಇಪ್ಪತ್ನಾಲ್ಕು ಡಿಗ್ರಿ

ಮಾರ್ಚ್ ೬

ಮಗಳೇ,

ಪತ್ರದ ಮೊದಲ ಸಾಲಿನಲ್ಲಿ ಎಲ್ಲರೂ ಕ್ಷೇಮವೆಂದು ಬರೆಯುವುದು ರೂಢಿ. ಆ ಸಾಲನ್ನು ಬಿಟ್ಟು ಮುಂದಕ್ಕೆ ಹೋಗುತ್ತೇನೆ.

ವಿಷಯ ಮೀನುಗಳದ್ದು. ಚಳಿಗಾಲದಲ್ಲಿ ನನ್ನ ಮಗ ತೀರಿಕೊಂಡ ಮೇಲೆ, ಬೇರೆ ಊರಿನ ಕನ್ನಡಕದ ಅಂಗಡಿಯಲ್ಲಿ ಕೆಲಸ ಹಿಡಿದು ನೀನು ಹೊರಟಾಗ ಹೇಳಿದ ಮಾತು ನನಗೆ ನೆನಪಿದೆ. "ಮೂರನೇ ಮಹಡಿ ರೂಮಿಗೆ ಇಷ್ಟು ದೊಡ್ಡ ಟ್ಯಾಂಕ್ ಹತ್ತಿಸೋಕಾಗಲ್ಲ ಮಾವ. ಮಳೆ ಶುರುವಾಗೋ ಹೊತ್ತಿಗೆ ಕೆಳಗಡೆ ಮನೆ ಹುಡುಕ್ತೀನಿ. ಆಗ ಬಂದು ತಗೊಂಡು ಹೋಗ್ತೀನಿ, ಅಲ್ಲೀವರೆಗೆ ನೋಡ್ಕೊಳ್ಳಿ" ಎಂದೆ. ನಾನು ಒಪ್ಪಿಕೊಂಡೆ. ಅವನು ಸಾಕಿದ ಐದು ಗೋಲ್ಡ್ ಫಿಶ್‌ಗಳನ್ನೂ ಜೀವಸಹಿತ ನಿನ್ನ ಕೈಗೆ ಕೊಡಬೇಕು. ಈ ಬೇಸಿಗೆಯಲ್ಲಿ ನನಗಿರುವ ಕೆಲಸ ಅದೊಂದೇ ಎಂದರೂ ತಪ್ಪಿಲ್ಲ.

ತೊಟ್ಟಿಯ ನೀರು ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತೊಂಬತ್ತು ಡಿಗ್ರಿ ಮುಟ್ಟುತ್ತಿದೆ. ಥರ್ಮಾಮೀಟರಿನ ಮೇಲೆ ಇಪ್ಪತ್ನಾಲ್ಕರ ಎದುರಿಗೆ ಅವನು ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದಾನೆ. ಅದು ಮೀರಬಾರದ ಮಟ್ಟವೋ, ಇರಬೇಕಾದ ಮಟ್ಟವೋ ತಿಳಿಸು. ಐಸ್ ಕಾರ್ಖಾನೆಯಲ್ಲಿ ಇಷ್ಟು ವರ್ಷ ಟನ್ನುಗಟ್ಟಲೆ ನೀರನ್ನು ಗಟ್ಟಿಮಾಡಿದವನಿಗೆ ಒಂದು ಗಾಜಿನ ತೊಟ್ಟಿಯನ್ನು ತಣ್ಣಗಿಡಲು ಬರುವುದಿಲ್ಲವೆಂದರೆ ನಿನಗೆ ನಗು ಬರಬಹುದು. ಮಂಜುಗಡ್ಡೆಯೊಳಗೆ ಯಾವುದೂ ಬದುಕಿರಬೇಕಾಗಿಲ್ಲ. ಕಷ್ಟವಿರುವುದು ಅಲ್ಲಿ.

ಇದನ್ನು ಫೋನಿನಲ್ಲಿಯೇ ಕೇಳಬಹುದಿತ್ತು. ಕಳೆದ ಬಾರಿ ನಾವಿಬ್ಬರೂ ಫೋನನ್ನು ಕಿವಿಗಿಟ್ಟುಕೊಂಡು ಎಷ್ಟು ಹೊತ್ತು ಸುಮ್ಮನಿದ್ದೆವೆಂಬುದು ನಿನಗೂ ನೆನಪಿರಬೇಕು.

ನಿನ್ನ ಅತ್ತೆ ತೊಟ್ಟಿಯಿರುವ ಅವನ ಕೋಣೆಯೊಳಕ್ಕೆ ಹೋಗುವುದಿಲ್ಲ. ಮನೆಯನ್ನೆಲ್ಲ ಒರೆಸಿಕೊಂಡು ಬಂದು ಹೊಸ್ತಿಲ ಬಳಿ ನಿಲ್ಲಿಸುತ್ತಾಳೆ. ಒಳಗಿನದನ್ನು ನಾನು ಒರೆಸುತ್ತೇನೆ.

ನಿನ್ನ ಮಾವ


ಮಾರ್ಚ್ ೧೫

ಮಾವನವರಿಗೆ,

ನಿಮ್ಮ ಅಕ್ಷರ ನೋಡಿ ಅಂಗಡಿಯ ಹುಡುಗಿಯರು "ಇದೇನಕ್ಕ, ಅಚ್ಚು ಹಾಕಿಸಿದ ಹಾಗಿದೆ" ಅಂದರು. ನಮ್ಮ ಗೋಡೆಯ ಮೇಲೆ ಕಣ್ಣು ಪರೀಕ್ಷೆಗೆ ತೂಗುಹಾಕಿರುವ ಹಲಗೆಯನ್ನು ನಿಮ್ಮ ಕೈಯಲ್ಲೇ ಬರೆಸಬಹುದಿತ್ತು.

ಕೆಂಪು ಗೆರೆ ಇರಬೇಕಾದ ಮಟ್ಟ. ಆದರೆ ಗಾಬರಿಯಾಗಬೇಡಿ, ಬೇಸಿಗೆಯಲ್ಲಿ ಅದು ಅವರಿಗೂ ಸಿಗುತ್ತಿರಲಿಲ್ಲ. ಅವರು ಮಾಡುತ್ತಿದ್ದುದನ್ನು ಬರೆಯುತ್ತೇನೆ. ಮೊದಲು ದೀಪ ಆರಿಸಿ, ಅದೇ ಅರ್ಧ ಬಿಸಿ. ಮುಚ್ಚಳ ತೆಗೆದು ಬಲೆ ಕಟ್ಟಿ, ಇಲ್ಲದಿದ್ದರೆ ಹಾರಿ ಆಚೆ ಬೀಳುತ್ತವೆ. ನೀರಿನ ಮೇಲೆ ಅಡ್ಡಲಾಗಿ ಗಾಳಿ ಬೀಸುವ ಹಾಗೆ ಸಣ್ಣ ಫ್ಯಾನ್ ಇಡಿ. ನೀರು ಆವಿಯಾಗಿ ಇಳಿಯುತ್ತದೆ, ಹಿಡಿದಿಟ್ಟು ಹಳತಾದ ನೀರನ್ನು ಸ್ವಲ್ಪಸ್ವಲ್ಪ ತುಂಬಿಸಿ. ಊಟ ಅರ್ಧ ಮಾಡಿ. ಬಿಸಿನೀರಿನಲ್ಲಿ ಅವಕ್ಕೆ ಉಸಿರು ಸಾಲುವುದಿಲ್ಲ, ಹೊಟ್ಟೆ ತುಂಬಿದರೆ ಇನ್ನೂ ಕಷ್ಟ. ತೀರಾ ಸೆಕೆಯಾದರೆ ನೀರು ತುಂಬಿ ಗಟ್ಟಿಮಾಡಿದ ಬಾಟಲಿ ತೇಲಿಬಿಡಿ. ಒಂದೇ, ಅದೂ ನಿಧಾನವಾಗಿ. "ಬಿಸಿ ಕೊಲ್ಲೋದಿಲ್ಲ ಕಣೇ, ಅವಸರ ಕೊಲ್ಲುತ್ತೆ" ಅನ್ನುತ್ತಿದ್ದರು.

ಇನ್ನೊಂದು ಗುಟ್ಟು. ಹುಬ್ಬುಗಂಟಿಕ್ಕಿದ ಹಾಗೆ ಕಾಣುವ ಆ ದೊಡ್ಡದು ಇದೆಯಲ್ಲ, ಮೂಲೆಯಿಂದ ಎಲ್ಲರನ್ನೂ ಪರಿಶೀಲಿಸುತ್ತಾ ಇರುತ್ತದೆಯಲ್ಲ, ಅದರ ಹೆಸರು ಸಾಹೇಬ್ರು. ಯಾಕೆ ಅಂತ ನಾನು ಹೇಳಲೇಬೇಕಾ ಮಾವ? ನೀವು ಕೋಣೆಗೆ ಬಂದಾಗಲೆಲ್ಲ ನಾವಿಬ್ಬರೂ ನಗು ತಡೆದುಕೊಳ್ಳುತ್ತಿದ್ದೆವು.

ಅತ್ತೆಗೆ ನನ್ನ ನಮಸ್ಕಾರ ಹೇಳಿ. ಹೇಳಲು ಆಗದಿದ್ದರೂ ಪರವಾಗಿಲ್ಲ.

ನಿಮ್ಮ ಸೊಸೆ


ಏಪ್ರಿಲ್ ೩

ಮಗಳೇ,

ನಿನ್ನ ಪತ್ರ ಬಂದ ದಿನ ಕನ್ನಡಿಯ ಮುಂದೆ ಸ್ವಲ್ಪ ಹೊತ್ತು ನಿಂತಿದ್ದೆ. ಬಳಿಕ ತೊಟ್ಟಿಯ ಮುಂದೆ ನಿಂತೆ. ಹೋಲಿಕೆಯಲ್ಲಿ ಅನ್ಯಾಯವೇನೂ ಇಲ್ಲ. ಈಗ ಕಾರ್ಖಾನೆಗೆ ಹೊರಡುವ ಮುನ್ನ ಸಾಹೇಬರಿಗೆ ಹೇಳಿಯೇ ಹೊರಡುತ್ತೇನೆ.

ನೀನು ತಿಳಿಸಿದ್ದನ್ನೆಲ್ಲ ಮಾಡಿದ್ದೇನೆ. ಅವನ ಹಳೆಯ ಕಂಪ್ಯೂಟರಿನ ಎರಡು ಫ್ಯಾನ್‌ಗಳನ್ನು ಬಿಚ್ಚಿ, ಅಂಚಿಗೆ ಓರೆಯಾಗಿ ಕೂರಿಸಿದೆ. ಎರಡು ಡಿಗ್ರಿ ಇಳಿಯಿತು. ಪಶ್ಚಿಮದ ಕಿಟಕಿಗೆ ದಪ್ಪ ಪರದೆ ಹಾಕಿಸಿದೆ. ಇನ್ನರ್ಧ ಡಿಗ್ರಿ.

ಬಾಟಲಿಯ ವಿಷಯದಲ್ಲಿ ಮಾತ್ರ ನನ್ನ ಕಸುಬು ಕೈಹಿಡಿಯಿತು. ಮನೆಯ ಫ್ರಿಜ್ ಕರೆಂಟನ್ನು ನಂಬಿಕೊಂಡಿದೆ. ಕಾರ್ಖಾನೆಗಾದರೋ ಸ್ವಂತ ಜನರೇಟರ್ ಇದೆ. ನಮ್ಮಲ್ಲಿ ಮಂಜುಗಡ್ಡೆಯ ಅಚ್ಚುಗಳು ಮುಳುಗಿ ನಿಲ್ಲುವುದು ಉಪ್ಪುನೀರಿನ ತೊಟ್ಟಿಯಲ್ಲಿ. ಆ ನೀರು ಸೊನ್ನೆಗಿಂತ ಬಹಳ ಕೆಳಗಿಳಿದರೂ ಹೆಪ್ಪುಗಟ್ಟುವುದಿಲ್ಲ. ಬಾಟಲಿಗಳನ್ನು ಅದರಲ್ಲಿಯೇ ಇಳಿಬಿಟ್ಟು ಗಟ್ಟಿಮಾಡಿ, ಸಂಜೆ ಒಂದು ಬಕೆಟ್ಟಿನಲ್ಲಿ ಅದೇ ಉಪ್ಪುನೀರನ್ನು ಹಾಕಿ, ಮುಳುಗಿಸಿ ತರುತ್ತೇನೆ. ದಾರಿಯಲ್ಲಿ ಒಂದು ಹನಿಯೂ ಕರಗುವುದಿಲ್ಲ. ಈ ಉಪಾಯ ಹೊಳೆದ ದಿನ ಅವನಿಗೆ ಹೇಳಬೇಕೆನಿಸಿತು.

ನೀನು ಚಿಂತಿಸಬೇಡ. ಆ ನೀರಿನಲ್ಲಿ ಉಪ್ಪಿನ ಜೊತೆಗೆ ಕಬ್ಬಿಣಕ್ಕೆ ತುಕ್ಕು ಹಿಡಿಯದಿರಲೆಂದು ಹಾಕುವ ಹಳದಿ ಪುಡಿಯೂ ಇರುತ್ತದೆ. ಅದು ವಿಷ. ಆದ್ದರಿಂದ ಬಕೆಟ್ಟನ್ನು ಗೇಟಿನ ಹೊರಗಿನ ಚರಂಡಿಗೆ ಬರಿದು ಮಾಡಿ, ಬಾಟಲಿಗಳನ್ನು ಎರಡು ಬಾರಿ ತೊಳೆದ ಮೇಲೆಯೇ ಮನೆಯೊಳಕ್ಕೆ ತರುವುದು. ಇದರಲ್ಲಿ ನಾನು ಒಂದು ದಿನವೂ ತಪ್ಪಿಲ್ಲ.

ನಿನ್ನ ನಮಸ್ಕಾರವನ್ನು ಅತ್ತೆಗೆ ತಲುಪಿಸಿದೆ. ಅವಳು ಪಾತ್ರೆ ತೊಳೆಯುತ್ತಿದ್ದಳು. ನಲ್ಲಿಯನ್ನು ಇನ್ನಷ್ಟು ತಿರುಗಿಸಿದಳು.

ನೀರು: ಇಪ್ಪತ್ತೇಳು. ಐದೂ ಚೆನ್ನಾಗಿವೆ.

ನಿನ್ನ ಮಾವ


ಏಪ್ರಿಲ್ ೨೨

ಮಾವನವರಿಗೆ,

ಮನೆ ಸಿಕ್ಕಿತು. ನೆಲಮಹಡಿ, ಎರಡು ಕೋಣೆ, ಉತ್ತರಕ್ಕೆ ಕಿಟಕಿ. ಮನೆಯ ಒಡತಿ "ನಾಯಿ ಬೆಕ್ಕು ಏನಾದ್ರೂ ಇದೆಯೇನಮ್ಮ?" ಅಂತ ಕೇಳಿದರು. "ಸಾಹೇಬ್ರು ಒಬ್ರು ಬರ್ತಾರೆ, ಜೊತೆಗೆ ನಾಲ್ಕು ಜನ ಸಿಬ್ಬಂದಿ" ಅಂದೆ. ಅವರ ಮುಖ ನೋಡಬೇಕಿತ್ತು ನೀವು. ಜೂನ್ ಮೊದಲ ವಾರ ವ್ಯಾನ್ ಮಾಡಿಕೊಂಡು ಬರುತ್ತೇನೆ.

ನಲ್ಲಿಯ ವಿಷಯ ಬರೆದಿದ್ದೀರಿ. ನನಗೆ ಅತ್ತೆಯ ಮೇಲೆ ಸಿಟ್ಟಿಲ್ಲ. ಆದರೆ ನಾನು ಹೊರಟ ದಿನ ಅವರು ಆ ಕೋಣೆಯ ಬಾಗಿಲಲ್ಲಿ ನಿಂತು "ಅವನೇ ಇಲ್ಲದ ಮನೇಲಿ ಇವೆಲ್ಲ ಯಾಕೆ ಬದುಕಿರ್ಬೇಕು?" ಅಂದಾಗ ಮೀನಿನ ಕಡೆ ನೋಡುತ್ತಿರಲಿಲ್ಲ. ನನ್ನ ಕಡೆ ನೋಡುತ್ತಿದ್ದರು. ನೀವು ಆಗ ಸೂಟ್‌ಕೇಸಿನ ಚಕ್ರ ಸರಿಮಾಡುತ್ತಾ ಇದ್ದಿರಿ. ಕೇಳಿಸಿಕೊಂಡಿರಿ ಅನ್ನುವುದು ನನಗೆ ಗೊತ್ತು.

ಇದನ್ನು ಹೊಡೆದುಹಾಕಿ ಬೇರೆ ಹಾಳೆಯಲ್ಲಿ ಬರೆಯೋಣ ಅಂದುಕೊಂಡೆ. ಇರಲಿ ಬಿಡಿ.

ನಿಮ್ಮ ಸೊಸೆ


ಮೇ ೧೦

ಮಗಳೇ,

ಚಕ್ರದಲ್ಲಿ ದೋಷವೇನೂ ಇರಲಿಲ್ಲ.

ಇಲ್ಲಿ ಬಿಸಿಲು ವಿಪರೀತವಾಗಿದೆ. ಕರೆಂಟು ದಿನಕ್ಕೆ ನಾಲ್ಕಾರು ಸಲ ಹೋಗುತ್ತದೆ. ಫ್ಯಾನು ನಿಂತಾಗ ಐದೂ ಮೇಲಕ್ಕೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತವೆ. ಬ್ಯಾಟರಿಯಿಂದ ಓಡುವ ಗಾಳಿಯ ಪಂಪೊಂದನ್ನು ತಂದಿಟ್ಟಿದ್ದೇನೆ.

ಒಂದು ಸಂಗತಿಯನ್ನು ನಿನಗೆ ಬರೆಯಲೇಬೇಕು. ನಿನ್ನೆ ನಾನು ಬಾಟಲಿ ತೇಲಿಬಿಡುತ್ತಿದ್ದಾಗ ಹಿಂದಿನಿಂದ ಮಾತು ಕೇಳಿಸಿತು: "ಆ ದೊಡ್ಡದು ಯಾಕ್ರೀ ಹಾಗೆ ಬಾಯಿ ಬಿಡ್ತಿದೆ?" ತಿರುಗಿ ನೋಡಿದರೆ ನಿನ್ನ ಅತ್ತೆ, ಹೊಸ್ತಿಲಿನ ಹೊರಗೆ. ಉಸಿರು ಸಾಲದು ಎಂದೆ. ಅವಳು ಅಲ್ಲಿಂದ ಹೋಗಲಿಲ್ಲ. ಅದರ ಹೆಸರನ್ನೂ, ಹೆಸರಿನ ಕಾರಣವನ್ನೂ ಹೇಳಿದೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಕ್ಕಳೆಂದೇ ನನ್ನ ಅಂದಾಜು.

ನೀರು: ಇಪ್ಪತ್ತೊಂಬತ್ತೂವರೆ. ಐದೂ ಇವೆ.

ನಿನ್ನ ಮಾವ


ಮೇ ೨೦

ಮಗಳೇ,

ಮೀನುಗಳು ಉಳಿಯಲಿಲ್ಲ. ಐದೂ ಹೋದವು.

ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ. ಸೋಮವಾರ ಬೆಳಗ್ಗೆ ಟ್ರಾನ್ಸ್‌ಫಾರ್ಮರ್ ಸುಟ್ಟು ಊರಿಗೆಲ್ಲ ಕರೆಂಟು ಹೋಯಿತು. ಕಾರ್ಖಾನೆಯಲ್ಲಿ ಜನರೇಟರಿಗೆ ಒಂದೇ ಕಂಪ್ರೆಸರನ್ನು ಓಡಿಸಲು ಸಾಧ್ಯವಾಯಿತು. ಕೊಳವೆಗಳಲ್ಲಿ ವಿಷಾನಿಲವಾದ ಅಮೋನಿಯಾದ ಒತ್ತಡ ಏರುತ್ತಿತ್ತು, ಒಳಗೆ ಕೆಲಸಗಾರರಿದ್ದರು. ನಾನು ಬಿಟ್ಟು ಬರುವಂತಿರಲಿಲ್ಲ. ಮಧ್ಯಾಹ್ನ ನಿನ್ನ ಅತ್ತೆಯೇ ಫೋನ್ ಮಾಡಿದಳು. "ಸಾಹೇಬ್ರು ಮಗ್ಗುಲಾಗಿದಾರೆ ಕಣ್ರೀ, ಏನ್ ಮಾಡ್ಲಿ?" ಎಂದಳು. ಅವಳು ಕೋಣೆಯೊಳಗಿನಿಂದ ಮಾತನಾಡುತ್ತಿದ್ದಳು. ಪಂಪಿನ ಗುಳುಗುಳು ಸದ್ದು ನನಗೆ ಕೇಳಿಸುತ್ತಿತ್ತು. "ಐಸ್ ಲಾರಿ ಡ್ರೈವರ್ ಕೈಲಿ ಕಳಿಸ್ತೀನಿ. ನಿಧಾನವಾಗಿ ಹಾಕು" ಎಂದೆ. "ನಿಧಾನವಾಗಿ ಅಲ್ವಾ? ಸರಿ" ಎಂದಳು.

ಸಂಜೆ ನಾನು ಮನೆ ಸೇರಿದಾಗ ಅವಳು ಅವನ ಕುರ್ಚಿಯಲ್ಲಿ ಕುಳಿತು, ಹಳೆಯ ಕ್ಯಾಲೆಂಡರಿನ ರಟ್ಟಿನಿಂದ ನೀರಿನ ಮೇಲೆ ಗಾಳಿ ಬೀಸುತ್ತಿದ್ದಳು. ಅವಳ ಬೆನ್ನಿನ ಮೇಲೆ ರವಿಕೆ ಪೂರ್ತಿ ತೊಯ್ದಿತ್ತು. ಐದೂ ಕೆಳಗೆ ಮಲಗಿದ್ದವು. "ಮುಟ್ಟಿ ನೋಡ್ರೀ, ತಣ್ಣಗಿದೆ. ನೀರು ಎಷ್ಟು ತಣ್ಣಗಾಗಿದೆ. ಮತ್ತೆ ಯಾಕೆ ಏಳ್ತಿಲ್ಲ ಇವು?" ಎಂದಳು. ನಾನು ರಟ್ಟನ್ನು ಅವಳ ಕೈಯಿಂದ ತೆಗೆದುಕೊಳ್ಳಲು ಹೋದೆ. ಬಿಡಲಿಲ್ಲ.

ರಾತ್ರಿ ಊಟಕ್ಕೆ ಎದ್ದವಳು, "ನಾನು ಅವತ್ತು ಆ ಮಾತು ಅಂದೆನಲ್ಲ, ಅದು ತಟ್ಟಿತು. ನನ್ನ ಕೈಲೇ ಆಗ್ಬೇಕಿತ್ತು ನೋಡಿ" ಎಂದಳು. ಅನಂತರ ದಿನವೂ ಆ ಕೋಣೆಯಲ್ಲಿಯೇ ಕುಳಿತಿರುತ್ತಾಳೆ.

ನಿನಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಲಾಗಲಿಲ್ಲ.

ನಿನ್ನ ಮಾವ


ಮೇ ೨೬

ಮಾವನವರಿಗೆ,

ಅಂಗಡಿಯಲ್ಲೇ ಓದಿದೆ. ಒಬ್ಬ ಅಜ್ಜ ಕಣ್ಣು ಪರೀಕ್ಷೆಗೆ ಕುರ್ಚಿಯಲ್ಲಿ ಕೂತಿದ್ದರು. ಗೋಡೆಯ ಹಲಗೆಯಲ್ಲಿ ಎಷ್ಟನೇ ಸಾಲು ಓದಿಸುತ್ತಿದ್ದೆ ಅನ್ನುವುದೇ ನನಗೆ ತಪ್ಪಿಹೋದಾಗ ಅವರೇ "ನೀನು ಕೂತ್ಕೋ ಮಗ, ನನಗೇನೂ ಅವಸರ ಇಲ್ಲ" ಅಂದರು.

ಅಳುವುದನ್ನು ಮುಗಿಸಿಕೊಂಡು ಆಮೇಲೆ ಎರಡನೇ ಸಲ ಓದಿದೆ. ಮಾವ, ನೀವು ಒಂದನ್ನು ಬಿಟ್ಟು ಬರೆದಿದ್ದೀರಿ. ನಿಮ್ಮಂಥವರು ಮರೆತು ಬಿಡುವುದಿಲ್ಲ.

ಬಾಟಲಿಗಳು ಯಾವುದರಲ್ಲಿ ಬಂದವು? ಬಕೆಟ್ಟಿನಲ್ಲಿ, ಆ ಉಪ್ಪುನೀರಿನಲ್ಲಿ ಮುಳುಗಿಸಿಯೇ ಕಳಿಸಿದಿರಾ? ಆ ನೀರು ಏನು ಅಂತ ಅತ್ತೆಗೆ ಯಾರಾದರೂ ಹೇಳಿದ್ದರಾ? ನೀವು ಕೋಣೆಗೆ ಹೋದಾಗ ಬಕೆಟ್ ಖಾಲಿ ಇತ್ತಾ?

ಹಾಗಿದ್ದರೆ ಇದು ಮಾತು ತಟ್ಟಿದ್ದಲ್ಲ. ಅದನ್ನು ನೀವು ಅತ್ತೆಗೆ ಇವತ್ತೇ ಹೇಳಬೇಕು. ಈ ಪತ್ರ ಮಡಿಸುವ ಮೊದಲೇ ಎದ್ದು ಹೋಗಿ ಹೇಳಿ.

ನಿಮ್ಮ ಸೊಸೆ


ಜೂನ್ ೧

ಮಗಳೇ,

ಬಕೆಟ್ ಖಾಲಿಯಿತ್ತು. ಪಕ್ಕದಲ್ಲಿ ಒಂದು ಲೋಟವಿತ್ತು.

ಬಾಗಿಲಲ್ಲಿ ನಿಂತಾಗಲೇ ನನಗೆ ತಿಳಿಯಿತು. ಡ್ರೈವರನಿಗೆ "ಕರಗದ ಹಾಗೆ ಮುಳುಗಿಸಿಯೇ ಒಯ್ಯಿ" ಎಂದು ಎರಡು ಸಲ ಹೇಳಿದ್ದೆ. ಗೇಟಿನ ಬಳಿ ಚೆಲ್ಲುವುದು, ತೊಳೆಯುವುದು, ಇವು ನನ್ನ ಕೈಗೆ ಎಷ್ಟು ರೂಢಿಯಾಗಿದ್ದವೆಂದರೆ ಅವನ್ನು ಮಾತಿನಲ್ಲಿ ಹೇಳಬೇಕಾಗುತ್ತದೆಂದು ಹೊಳೆಯಲೇ ಇಲ್ಲ. ನಾನು ಬಾಟಲಿ ಎಂಬ ಶಬ್ದವನ್ನೂ ಬಳಸಿರಲಿಲ್ಲ. ಕಳಿಸುತ್ತೇನೆ, ನಿಧಾನವಾಗಿ ಹಾಕು, ಇಷ್ಟೇ. ಬಂದದ್ದು ಒಂದು ಬಕೆಟ್ ತಣ್ಣೀರು. ಅವಳು ಅದನ್ನು ಹಾಕಿದಳು, ನಿಧಾನವಾಗಿ.

ಅಂದೇ ಹೇಳಬೇಕಾಗಿತ್ತು. ಬಾಯಿ ತೆರೆದಾಗಲೆಲ್ಲ ಅವಳು ಆ ಕುರ್ಚಿಯಲ್ಲಿರುತ್ತಿದ್ದಳು. ಚಳಿಗಾಲದಿಂದೀಚೆಗೆ ಮೊದಲ ಬಾರಿಗೆ ಅವಳು ಆ ಕೋಣೆಯೊಳಗೆ ಬಂದಿದ್ದಳು. ಹೇಳಿದರೆ ಎದ್ದುಹೋಗಿ ಮತ್ತೆ ಬರುವುದಿಲ್ಲವೆಂದು ನಾನು ಹೆದರಿದೆ. ಇದು ಸಮಜಾಯಿಷಿಯಲ್ಲ, ಇದ್ದದ್ದು ಹೀಗಿತ್ತು.

ನಿನ್ನ ಪತ್ರವನ್ನು ಮಡಿಸದೆ ಮೇಜಿನ ಮೇಲಿಟ್ಟು ಹೋದೆ. ಹೇಳಿದೆ. ಉಪ್ಪನ್ನೂ, ಹಳದಿ ಪುಡಿಯನ್ನೂ, ಚರಂಡಿಯನ್ನೂ, ಎಲ್ಲವನ್ನೂ. ಅವಳು ಪೂರ್ತಿ ಕೇಳಿಸಿಕೊಂಡು, "ನೀವು ಯಾವತ್ತು ಕೆಲಸದಲ್ಲಿ ತಪ್ಪಿದೀರಿ? ನನ್ನ ಉಳಿಸೋಕೆ ಇಷ್ಟು ದಿನ ಕೂತು ಕಟ್ಟಿದ ಕಥೆ ಇದು. ಅವತ್ತೇ ಹೇಳಿದ್ರೆ ನಂಬ್ತಿದ್ದೆ" ಎಂದಳು. ನನ್ನ ಭುಜವನ್ನು ತಟ್ಟಿದಳು. ನನಗೆ ಸಮಾಧಾನ ಹೇಳುವಂತೆ.

ನನ್ನ ಮಾತಿಗೆ ಇಲ್ಲಿ ಬೆಲೆ ಉಳಿದಿಲ್ಲ. ನೀನು ಬರೆದರೆ ನಂಬಿಯಾಳು.

ನಿನ್ನ ಮಾವ


ಜೂನ್ ೯

ನನ್ನ ಸೊಸೆಗೆ,

ನನಗೆ ನಿನ್ನ ಮಾವನ ಹಾಗೆ ಬರೆಯೋಕೆ ಬರಲ್ಲ. ಮಾತಾಡಿದ ಹಾಗೆ ಬರೀತೀನಿ.

ನೀನು ಕಣ್ಣು ನೋಡೋ ಕೆಲಸದವಳು. ಕಾಣ್ತಾ ಇಲ್ಲ ಅನ್ನೋರಿಗೆ ಕಾಣ್ತಿದೆ ಅಂತ ಹೇಳಿ ಕಳಿಸಲ್ಲ ಅಲ್ವಾ? ಹಾಗೇ ಹೇಳು. ಇವರು ಹೇಳ್ತಿರೋದು ನಿಜವಾ? ಆ ನೀರು ಸ್ವಲ್ಪ ಹಳದಿ ಇತ್ತು ಕಣೇ. ಮೀನಿಗೆ ಔಷಧಿ ಬೆರೆಸಿ ಕಳಿಸಿದಾರೆ, ಎಷ್ಟು ಅಕ್ಕರೆ ನೋಡು ಅಂದ್ಕೊಂಡೆ. ಒಳಗಿದ್ದ ಬಾಟಲಿಗಳು ಆ ನೀರು ತಣ್ಣಗಿರ್ಲಿ ಅಂತ ಇಟ್ಟಿದ್ದು ಅಂದ್ಕೊಂಡೆ. ಒಂದೊಂದೇ ಲೋಟ ಹಾಕಿದೆ. ಹಾಕಿ, ಬೀಸಿ, ಮತ್ತೆ ಹಾಕಿದೆ. ಮೊದಮೊದಲು ಪ್ರತಿ ಲೋಟಕ್ಕೂ ಸಾಹೇಬ್ರು ಸಾವರಿಸ್ಕೊಂಡು ಹತ್ರ ಬಂದು ನೋಡ್ತಿದ್ರು. ಚಿಕ್ಕವನಿದ್ದಾಗ ಅವನಿಗೆ ಜ್ವರ ಬಂದ್ರೆ ಹೀಗೇ ಹಣೆಗೆ ಬಟ್ಟೆ ಹಾಕ್ತಾ ಕೂತಿರ್ತಿದ್ದೆ. ಅವತ್ತು ಮಧ್ಯಾಹ್ನ ಎಲ್ಲಾ ನನಗೆ ಅವನು ಹೋಗಿದಾನೆ ಅನ್ನೋದೇ ಮರೆತುಹೋಗಿತ್ತು.

ಅವತ್ತು ನಾನು ಬಾಗಿಲಲ್ಲಿ ಅಂದ ಮಾತು ಮೀನಿಗೆ ಅಂದಿದ್ದು, ನಿನಗಲ್ಲ. ಅಂತ ಬರೆಯೋಣ ಅಂತ ಕೂತೆ. ಸುಳ್ಳು ಯಾಕೆ, ನಿನಗೂ ಅಂದೆ. ನೀನು ಉಸಿರಾಡ್ತಾ ನಿಂತಿದ್ದೆ, ಅವನು ಇರ್ಲಿಲ್ಲ. ಅಷ್ಟೇ ನಿನ್ನ ತಪ್ಪು.

ನಿಜ ಹೇಳು. ನಾನು ತಡ್ಕೋತೀನಿ.

ಅತ್ತೆ


ಜೂನ್ ೨೩

ಮಗಳೇ,

ಅತ್ತೆಗೆ ನೀನು ಬರೆದ ಪತ್ರ ಬಂದಿತು. ಅದರಲ್ಲಿ ಏನು ಬರೆದಿದ್ದೀಯೋ ನನಗೆ ತಿಳಿಯದು; ಅವಳು ತೋರಿಸಲಿಲ್ಲ, ನಾನು ಕೇಳಲೂ ಇಲ್ಲ. ಬಾಗಿಲಲ್ಲಿ ನಿಂತೇ ಓದಿದಳು. ಬಳಿಕ ಅಡುಗೆಮನೆಗೆ ಹೋಗಿ, ಆ ಲೋಟವನ್ನು ಹುಡುಕಿ ತೆಗೆದು, ಹೊರಗೆ ಒಯ್ದು ಎಸೆದು ಬಂದಳು. ಆಮೇಲೆ ಅತ್ತಳು. ಚಳಿಗಾಲದಲ್ಲಿಯೂ ಅವಳು ಹಾಗೆ ಅತ್ತಿರಲಿಲ್ಲ.

ಈಗ ನಂಬಿದ್ದಾಳೆ. ಅದು ನನಗೆ ಹೇಗೆ ತಿಳಿಯಿತೆಂದರೆ, ಅಂದಿನಿಂದ ನನ್ನೊಡನೆ ಮಾತನಾಡುವುದಿಲ್ಲ. ಊಟಕ್ಕೆ ಬಡಿಸುತ್ತಾಳೆ, ಷರ್ಟಿಗೆ ಗುಂಡಿ ಹಾಕಿಕೊಡುತ್ತಾಳೆ. ಅವಳ ಮೇಲಿದ್ದ ಭಾರ ಇರಬೇಕಾದಲ್ಲಿಗೆ ಬಂದಿದೆ. ನಾನು ಬೇಡಿದ್ದೂ ಅದನ್ನೇ. ನಿನ್ನ ಉಪಕಾರ ಸ್ಮರಿಸಲು ಈ ಪತ್ರ.

ಕ್ಯಾಲೆಂಡರಿನ ರಟ್ಟನ್ನು ಅವನ ಮೇಜಿನ ಮೇಲೆಯೇ ಇಟ್ಟಿದ್ದಾಳೆ. ಕೋಣೆಯ ನೆಲವನ್ನು ಈಗ ಅವಳೇ ಒರೆಸುತ್ತಾಳೆ. ಹಾಗೆ ಒರೆಸುವಾಗ ನಾನು ಒಳಗಿದ್ದರೆ ಹೊಸ್ತಿಲಿನ ಬಳಿ ನಿಲ್ಲಿಸಿ, ನಾನು ಹೊರಬರುವವರೆಗೆ ಕಾಯುತ್ತಾಳೆ.

ನೀನು ಬರುವ ವಿಷಯ ನನಗೇನೂ ಬರೆದಿಲ್ಲ. ಒಯ್ಯಲು ಏನೂ ಉಳಿದಿಲ್ಲವೆಂಬುದು ಗೊತ್ತು. ತೊಟ್ಟಿಯನ್ನು ಬರಿದು ಮಾಡಿ, ಜಲ್ಲಿಯನ್ನು ಎಸೆದು, ಗಾಜನ್ನು ಹಲವು ಸಲ ತೊಳೆದು, ಹೊಸ ನೀರು ತುಂಬಿಸಿದ್ದೇನೆ. ಥರ್ಮಾಮೀಟರನ್ನೂ ಅದೇ ಜಾಗದಲ್ಲಿ ಅಂಟಿಸಿದ್ದೇನೆ.

ನಿನ್ನೆಯಿಂದ ಮಳೆ ಹಿಡಿದಿದೆ. ಫ್ಯಾನು ಹಾಕಿಲ್ಲ, ಪರದೆ ಸರಿಸಿದ್ದೇನೆ, ಬಾಟಲಿಯ ಪ್ರಶ್ನೆಯೇ ಇಲ್ಲ. ಇಂದು ಬೆಳಗ್ಗೆ ನೋಡಿದೆ. ಪಾದರಸ ಅವನ ಕೆಂಪು ಗೆರೆಯ ಮೇಲೆ ಸರಿಯಾಗಿ ನಿಂತಿದೆ.

ನೀರು: ಇಪ್ಪತ್ನಾಲ್ಕು.

ನಿನ್ನ ಮಾವ